ಮಲೆನಾಡಿನ ಮನೆಗೆ ರೇಡಿಯೋ ಇರುವ ಹಾಡಿನ ಪೆಟ್ಟಿಗೆ: ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಳಭಾಗದ ಹಳ್ಳಿ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಅಪ್ಪನಿಗೆ ಈಗ 76 ವರ್ಷ. ಅವರ ಹಳೆಯ ಟ್ರಾನ್ಸಿಸ್ಟರ್ ಕಳೆದ ಮಳೆಗಾಲದಲ್ಲಿ ಕೆಟ್ಟದ್ದು ಮತ್ತೆ ಸರಿಯಾಗಲೇ ಇಲ್ಲ. ಭದ್ರಾವತಿ ಆಕಾಶವಾಣಿ ಕೇಳದೆ ಅವರಿಗೆ ಬೆಳಗಾಗುವುದಿಲ್ಲ. ಅಣ್ಣ ಹಳೆಯ ಕ್ಯಾಸೆಟ್‌ಗಳಲ್ಲಿದ್ದ ತಾಳಮದ್ದಲೆ, ಗಮಕ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಟ್ಟಿದ್ದಾನೆ. ಅವುಗಳನ್ನೂ ಅದೇ ಪೆಟ್ಟಿಗೆಯಲ್ಲಿ ಕೇಳುವಂತಿರಬೇಕು. ಪೇಟೆಯಲ್ಲಿ ನೋಡಿದ ಪೆಟ್ಟಿಗೆಗಳ ಮೇಲೆಲ್ಲ ‘ಎಫ್‌ಎಂ, ಬ್ಲೂಟೂತ್, ಯುಎಸ್‌ಬಿ’ ಎಂದು ಒಂದೇ ರೀತಿ ಬರೆದಿದೆ. 3000 ರೂಪಾಯಿಯೊಳಗೆ ಯಾವುದನ್ನು ಕೊಳ್ಳಲಿ? ನಡೆದಾಡುವಾಗ ಕೇಳಲು ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದೊಂದು ನನಗೂ ಬೇಕು.

ಉತ್ತರ: ನೀವು ಹುಡುಕುತ್ತಿರುವ ಸಾಧನದಲ್ಲಿ ಎರಡು ಕೆಲಸಗಳು ಸೇರಿವೆ. ಒಂದು, ಮೆಮೊರಿ ಕಾರ್ಡಿನಲ್ಲಿರುವ ಹಾಡನ್ನು ನುಡಿಸುವುದು. ಇನ್ನೊಂದು, ಗಾಳಿಯಲ್ಲಿ ಬರುವ ಬಾನುಲಿಯನ್ನು ಹಿಡಿಯುವುದು. ಮೊದಲನೆಯದನ್ನು ಇಂದು 500 ರೂಪಾಯಿಯ ಪೆಟ್ಟಿಗೆಯೂ ತಕ್ಕಮಟ್ಟಿಗೆ ಮಾಡುತ್ತದೆ. ಎರಡನೆಯದನ್ನು ನಿಮ್ಮ ಊರಿನಂಥ ಕಣಿವೆಯ ಊರಿನಲ್ಲಿ ಸರಿಯಾಗಿ ಮಾಡುವ ಪೆಟ್ಟಿಗೆಗಳು ಬಹಳ ಕಡಿಮೆ. ಆದ್ದರಿಂದ ಮೊದಲು ರೇಡಿಯೋವನ್ನು ಆರಿಸಿ, ಅದರಲ್ಲಿ ಹಾಡಿನ ವ್ಯವಸ್ಥೆ ಇದೆಯೇ ಎಂದು ಆಮೇಲೆ ನೋಡಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇದರ ತಿರುಗುಮುರುಗು ನಡೆಯುತ್ತದೆ: ಹಾಡು ಜೋರಾಗಿ ಕೇಳಿಸಿ ಮಾರುತ್ತಾರೆ, ರೇಡಿಯೋದ ಗುಂಡಿಯನ್ನು ಯಾರೂ ಒತ್ತಿ ನೋಡುವುದಿಲ್ಲ.

ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾದ ಕೇಂದ್ರ. ನಿಮ್ಮ ತಂದೆಯವರ ಹಳೆಯ ಟ್ರಾನ್ಸಿಸ್ಟರಿನ ಮುಳ್ಳು ದಶಕಗಳ ಕಾಲ ನಿಂತಿದ್ದ ಜಾಗ ಮಧ್ಯಮ ತರಂಗದ 675 ಕಿಲೋಹರ್ಟ್ಸ್. ಅದೇ ಕೇಂದ್ರಕ್ಕೆ ಎಫ್‌ಎಂನಲ್ಲಿ 103.5 ಮೆಗಾಹರ್ಟ್ಸ್ ಇದೆ. ಇವೆರಡರ ನಡುವಿನ ವ್ಯತ್ಯಾಸ ಕೇವಲ ಅಂಕಿಯದ್ದಲ್ಲ. 675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರ್. ಅಷ್ಟು ಉದ್ದದ ಅಲೆಯು ನೆಲವನ್ನು ಅಪ್ಪಿಕೊಂಡು, ಗುಡ್ಡದ ಮೈಯನ್ನು ಬಳಸಿಕೊಂಡು ಆಚೆಯ ಕಣಿವೆಗೂ ಇಳಿಯುತ್ತದೆ. 103.5 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರಿಗೂ ಕಡಿಮೆ. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಹೋಗುತ್ತದೆ, ಎದುರಿಗೆ ಗುಡ್ಡ ಬಂದರೆ ಹಿಂದೆ ನೆರಳು ಬೀಳುತ್ತದೆ. ಭದ್ರಾವತಿಯಿಂದ ಹೊಸನಗರಕ್ಕೆ ನೇರ ರೇಖೆಯಲ್ಲಿ ಸುಮಾರು 70 ಕಿಲೋಮೀಟರ್ ದೂರ. ನಡುವೆ ಕಾಡು, ಗುಡ್ಡ, ಕಣಿವೆ. ಗುಡ್ಡದ ತಲೆಯ ಮೇಲಿರುವ ಮನೆಗೆ ಎಫ್‌ಎಂ ಸ್ಪಷ್ಟವಾಗಿ ಬರಬಹುದು, ಅದೇ ಊರಿನಲ್ಲಿ ಅರ್ಧ ಮೈಲು ಕೆಳಗೆ ಹಳ್ಳದ ಪಕ್ಕದ ಮನೆಗೆ ಬರೀ ಹಿಸ್ ಎಂಬ ಸದ್ದು ಬರಬಹುದು. ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು ಎಂದು ನೀವು ಬರೆದಿರುವುದರಿಂದ, ನಿಮ್ಮ ಮನೆ ಎರಡನೆಯ ಬಗೆಯದ್ದು ಎಂದು ಊಹಿಸುತ್ತೇನೆ.

ಹಾಗಾಗಿ ನಿಮ್ಮ ತಂದೆಯವರಿಗೆ ಕೊಳ್ಳುವ ಪೆಟ್ಟಿಗೆಯಲ್ಲಿ ಮಧ್ಯಮ ತರಂಗ ಇರಲೇಬೇಕು. ಡಬ್ಬಿಯ ಮೇಲೆ ‘ಎಎಂ’ ಅಥವಾ ‘ಎಂಡಬ್ಲ್ಯು’ ಎಂಬ ಅಕ್ಷರಗಳನ್ನು ಹುಡುಕಿ. ‘ಎಫ್‌ಎಂ ರೇಡಿಯೋ’ ಎಂದು ಮಾತ್ರ ಇದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಹಾಡು ಎಷ್ಟೇ ಚೆನ್ನಾಗಿ ಬರಲಿ, ಅದನ್ನು ಕೆಳಗಿಡಿ. ಹಾಗೆಂದು ಎಫ್‌ಎಂ ಬೇಡವೆಂದಲ್ಲ. ದೇಶದ ಹಲವು ಕಡೆ ಆಕಾಶವಾಣಿಯ ಹಳೆಯ ಮಧ್ಯಮ ತರಂಗದ ಪ್ರಸಾರಕಗಳನ್ನು ನಿಲ್ಲಿಸಿ ಎಫ್‌ಎಂ ವಿಸ್ತರಿಸುವ ಕೆಲಸ ನಡೆದಿದೆ. ಆದ್ದರಿಂದ ಮುಂದಿನ ಹತ್ತು ವರ್ಷಕ್ಕೆ ಕೊಳ್ಳುವ ಪೆಟ್ಟಿಗೆಯಲ್ಲಿ ಎರಡೂ ಇರಬೇಕು. ಹಣ ಕೊಡುವ ಮೊದಲು ನೆರೆಮನೆಯವರ ರೇಡಿಯೋವನ್ನೋ ಊರಿನ ಯಾರದ್ದಾದರೂ ಹಳೆಯ ಸೆಟ್ಟನ್ನೋ ಒಂದು ದಿನದ ಮಟ್ಟಿಗೆ ತಂದು ನಿಮ್ಮ ಜಗಲಿಯಲ್ಲಿಟ್ಟು, 675 ಮತ್ತು 103.5 ಎರಡರಲ್ಲೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಏನು ಕೇಳಿಸುತ್ತದೆ ಎಂದು ನೋಡಿ. ನಿಮ್ಮ ಮನೆಯಂಗಳದಲ್ಲಿ ಮಾಡಿದ ಈ ಪರೀಕ್ಷೆ ಹೇಳುವಷ್ಟನ್ನು ಶಿವಮೊಗ್ಗದ ಅಂಗಡಿಯಲ್ಲಿ ಕುಳಿತು ಯಾರೂ ಹೇಳಲಾರರು. ಏಕೆಂದರೆ ಶಿವಮೊಗ್ಗಕ್ಕೆ ಭದ್ರಾವತಿ ಪಕ್ಕದ ಊರು, ಅಲ್ಲಿ ಎಂಥ ಪೆಟ್ಟಿಗೆಯಾದರೂ ಹಾಡುತ್ತದೆ.

ಈ ಪಾಠವನ್ನು ನಾನು ಕಲಿತದ್ದು ನನ್ನ ಅಕ್ಕನ ಮನೆಯಲ್ಲಿ. ಮೂವತ್ತು ವರ್ಷ ರೇಡಿಯೋ ಬಿಚ್ಚಿ ಜೋಡಿಸಿದ ನಾನೇ ತೀರ್ಥಹಳ್ಳಿಯ ಕಡೆ ಅವಳಿಗೆಂದು ಒಂದು ಚೆಂದದ ಪೆಟ್ಟಿಗೆ ಕೊಂಡೊಯ್ದೆ. ಶಿವಮೊಗ್ಗದ ನನ್ನ ಮೇಜಿನ ಮೇಲೆ ಸೊಗಸಾಗಿ ಹಾಡಿದ್ದ ಅದು, ಆಗುಂಬೆ ದಾರಿಯ ಅವಳ ಮನೆಯಲ್ಲಿ ಒಂದೇ ಒಂದು ಸ್ಟೇಷನ್ನನ್ನೂ ಹಿಡಿಯಲಿಲ್ಲ. ಬಿಚ್ಚಿ ನೋಡಿದರೆ ಅದಕ್ಕೆ ಅಲೆ ಹಿಡಿಯುವ ಏರಿಯಲ್ಲೇ (ಆಂಟೆನಾ) ಇರಲಿಲ್ಲ. ಚಾರ್ಜಿಂಗ್ ತಂತಿಯನ್ನೇ ಏರಿಯಲ್ಲಾಗಿ ಬಳಸುವ ಏರ್ಪಾಡು ಮಾಡಿದ್ದರು. ಅಕ್ಕ ಏನೂ ಅನ್ನಲಿಲ್ಲ, ಆದರೆ ಮರುವಾರ ಅವಳ ಹಳೆಯ ಸೆಟ್ಟನ್ನೇ ದುರಸ್ತಿ ಮಾಡಿ ತಲುಪಿಸಿದೆ.

ಏರಿಯಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಪೆಟ್ಟಿಗೆಯ ಒಳಗಿನ ಚಿಪ್ಪು ಇಂದು ಬಹುತೇಕ ಎಲ್ಲದರಲ್ಲೂ ಒಂದೇ ಬಗೆಯದ್ದಾಗಿರುತ್ತದೆ, ಸೆಟ್ಟಿನಿಂದ ಸೆಟ್ಟಿಗೆ ವ್ಯತ್ಯಾಸವಾಗುವುದು ಏರಿಯಲ್ಲಿನಲ್ಲಿ. ಎಫ್‌ಎಂಗೆ ಎಳೆದು ಉದ್ದ ಮಾಡುವ ಲೋಹದ ಕಡ್ಡಿ ಬೇಕು. ಅಲೆಯ ಉದ್ದದ ನಾಲ್ಕನೆಯ ಒಂದು ಭಾಗ, ಅಂದರೆ ಸುಮಾರು 70ರಿಂದ 75 ಸೆಂಟಿಮೀಟರ್ ಉದ್ದದ ಕಡ್ಡಿ ಅತ್ಯುತ್ತಮ, 50 ಸೆಂಟಿಮೀಟರ್ ಇದ್ದರೂ ಕೆಲಸ ನಡೆಯುತ್ತದೆ, ಗೇಣುದ್ದದ್ದು ಸಾಲದು. ಮಧ್ಯಮ ತರಂಗಕ್ಕೆ ಈ ಕಡ್ಡಿಯಿಂದ ಏನೂ ಪ್ರಯೋಜನವಿಲ್ಲ. ಅದನ್ನು ಹಿಡಿಯುವುದು ಪೆಟ್ಟಿಗೆಯ ಒಳಗೆ ಅಡ್ಡಲಾಗಿ ಮಲಗಿಸಿದ, ತೆಳುತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಅದು ಉದ್ದವಿದ್ದಷ್ಟೂ ದುರ್ಬಲ ಸ್ಟೇಷನ್ ಚೆನ್ನಾಗಿ ಬರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲವಾದ್ದರಿಂದ, ಪೆಟ್ಟಿಗೆಯ ಅಗಲದಿಂದಲೇ ಅಂದಾಜು ಮಾಡಬೇಕು: ಅಂಗೈಗಿಂತ ಚಿಕ್ಕದಾದ ಪೆಟ್ಟಿಗೆಯಲ್ಲಿ ‘ಎಎಂ’ ಇದ್ದರೂ ಒಳಗಿನ ಕಡ್ಡಿ ಕಿರುಬೆರಳಷ್ಟೇ ಇರುತ್ತದೆ. ಹಳೆಯ ಕಾಲದ ಇಟ್ಟಿಗೆಯಾಕಾರದ ಟ್ರಾನ್ಸಿಸ್ಟರುಗಳು ನಮ್ಮ ಕಾಡಿನ ಮನೆಗಳಲ್ಲಿ ಅಷ್ಟು ಚೆನ್ನಾಗಿ ಹಾಡುತ್ತಿದ್ದುದಕ್ಕೆ ಮುಖ್ಯ ಕಾರಣ ಅವುಗಳ ಒಳಗಿದ್ದ ಉದ್ದದ ಕಡ್ಡಿಯೇ.

ಈ ಫೆರೈಟ್ ಕಡ್ಡಿಗೆ ದಿಕ್ಕಿನ ಗುಣವಿದೆ. ಕಡ್ಡಿಯ ತುದಿ ಪ್ರಸಾರ ಕೇಂದ್ರದ ಕಡೆಗಿದ್ದರೆ ದನಿ ಅಡಗುತ್ತದೆ, ಕಡ್ಡಿಯ ಮೈ ಕೇಂದ್ರದ ಕಡೆಗಿದ್ದರೆ ದನಿ ಏರುತ್ತದೆ. ಹೊಸನಗರದಿಂದ ಭದ್ರಾವತಿ ಹೆಚ್ಚುಕಡಿಮೆ ನೇರ ಪೂರ್ವಕ್ಕಿದೆ. ಆದ್ದರಿಂದ ರೇಡಿಯೋದ ಮುಖವನ್ನಾಗಲಿ ಬೆನ್ನನ್ನಾಗಲಿ ಪೂರ್ವಕ್ಕೆ ಮಾಡಿ ಇಟ್ಟರೆ ಸರಿಹೋಗುತ್ತದೆ. ಸಾಗರದವರಾದರೆ ಆಗ್ನೇಯಕ್ಕೆ ತಿರುಗಿಸಬೇಕು. ನಿಮ್ಮ ತಂದೆಯವರಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವಿರಲಾರದು. ಆ ತಲೆಮಾರಿನವರು ರೇಡಿಯೋ ಸರಿಯಾಗಿ ಬಾರದಿದ್ದರೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದನ್ನು ತಾವಾಗಿಯೇ ಕಲಿತವರು.

ಇನ್ನೊಂದು ಸೂಕ್ಷ್ಮ ವಿಷಯ ಅಂಕಿಗಳ ಪರದೆಯಿರುವ ರೇಡಿಯೋಗಳಿಗೆ ಸಂಬಂಧಿಸಿದ್ದು. ನಮ್ಮ ದೇಶದಲ್ಲಿ ಮಧ್ಯಮ ತರಂಗದ ಸ್ಟೇಷನ್ನುಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಅದಕ್ಕೇ ಭದ್ರಾವತಿಯ 675, ಧಾರವಾಡದ 765, ಬೆಂಗಳೂರಿನ 612 ಎಲ್ಲವೂ ಒಂಬತ್ತರ ಮಗ್ಗಿಯಲ್ಲಿ ಬರುತ್ತವೆ. ಅಮೆರಿಕದಲ್ಲಿ ಈ ಅಂತರ 10 ಕಿಲೋಹರ್ಟ್ಸ್. ಅಲ್ಲಿನ ಲೆಕ್ಕಕ್ಕೆ ಹೊಂದಿಸಿದ ಪೆಟ್ಟಿಗೆಯನ್ನು ಇಲ್ಲಿ ತಿರುಗಿಸಿದರೆ 670 ಬರುತ್ತದೆ, ಆಮೇಲೆ ನೇರವಾಗಿ 680ಕ್ಕೆ ಹಾರುತ್ತದೆ. 675ರಲ್ಲಿ ನಿಲ್ಲುವುದೇ ಇಲ್ಲ. ಆಗ ಭದ್ರಾವತಿ ಗಂಟಲು ಕಟ್ಟಿದವರ ಮಾತಿನಂತೆ ಕೇಳಿಸುತ್ತದೆ, ಮನೆಯವರು ರೇಡಿಯೋ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಒಳ್ಳೆಯ ಸೆಟ್ಟುಗಳಲ್ಲಿ ಇದನ್ನು 9ಕ್ಕೆ ಬದಲಿಸುವ ಗುಂಡಿಯೋ ಸೆಟ್ಟಿಂಗೋ ಇರುತ್ತದೆ. ಅಂಗಡಿಯಲ್ಲೇ 675ಕ್ಕೆ ತಂದು ನಿಲ್ಲಿಸಿ ನೋಡಿ. ನಿಲ್ಲದಿದ್ದರೆ ಬದಲಿಸಿಕೊಡಲು ಕೇಳಿ. ಹಾಗೆಯೇ ಎಫ್‌ಎಂ ವ್ಯಾಪ್ತಿ 87.5ರಿಂದ 108 ಮೆಗಾಹರ್ಟ್ಸ್‌ವರೆಗೆ ಇರಬೇಕು. ಜಪಾನಿನ ಮಾರುಕಟ್ಟೆಗೆಂದು ಮಾಡಿದ ಹಳೆಯ ಸೆಟ್ಟುಗಳ ಎಫ್‌ಎಂ 76ರಲ್ಲಿ ಆರಂಭವಾಗಿ 90ಕ್ಕೇ ಮುಗಿಯುತ್ತದೆ. ಅಂಥದ್ದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಅದರಲ್ಲಿ 103.5 ಬರುವುದಿಲ್ಲ.

ಸ್ಟೇಷನ್ ಹುಡುಕುವ ಕ್ರಮವನ್ನೂ ಗಮನಿಸಬೇಕು. ಬ್ಲೂಟೂತ್ ಪೆಟ್ಟಿಗೆಗಳಲ್ಲಿ ಒಂದು ಗುಂಡಿ ಒತ್ತಿದರೆ ಅದು ತಾನಾಗಿಯೇ ಎಲ್ಲ ಸ್ಟೇಷನ್ನುಗಳನ್ನು ಹುಡುಕಿ ನೆನಪಿಟ್ಟುಕೊಳ್ಳುತ್ತದೆ. ಈ ಹುಡುಕಾಟವು ಒಂದು ಮಟ್ಟಕ್ಕಿಂತ ಬಲವಾಗಿರುವ ಸ್ಟೇಷನ್ನುಗಳಲ್ಲಿ ಮಾತ್ರ ನಿಲ್ಲುತ್ತದೆ. ನಿಮ್ಮ ಊರಿಗೆ ಕ್ಷೀಣವಾಗಿ, ಆದರೆ ಕೇಳುವಂತೆ ಬರುವ ಸ್ಟೇಷನ್ನನ್ನು ಅದು ದಾಟಿಕೊಂಡು ಹೋಗಿಬಿಡುತ್ತದೆ. ಕೈಯಿಂದ ಒಂದೊಂದೇ ಹೆಜ್ಜೆ ಸರಿಸುವ ಇಲ್ಲವೇ ಅಂಕಿಯನ್ನು ನೇರವಾಗಿ ಒತ್ತುವ ಅನುಕೂಲ ಇಲ್ಲದ ಪೆಟ್ಟಿಗೆಯನ್ನು ಮಲೆನಾಡಿನ ಒಳಭಾಗದವರು ಕೊಳ್ಳಬಾರದು. 76 ವರ್ಷದವರ ಕೈಗೆ ಕೊಡುವುದಾದರೆ, ನನ್ನ ಒಲವು ಗುಂಡಗಿನ ದೊಡ್ಡ ಗುಂಡಿ ತಿರುಗಿಸಿ ಮುಳ್ಳು ಸರಿಸುವ ಹಳೆಯ ಕ್ರಮದ ಕಡೆಗೇ. ಅವರ ಬೆರಳಿಗೆ ಆ ಚಲನೆ ಗೊತ್ತಿದೆ. ಕತ್ತಲಲ್ಲೂ, ಕನ್ನಡಕವಿಲ್ಲದೆಯೂ, ಬೆಳಗಿನ ಜಾವ ಹಂಡೆ ಒಲೆಗೆ ಬೆಂಕಿ ಹಾಕುವ ಹೊತ್ತಿನಲ್ಲೂ ಅವರು ಯಾರನ್ನೂ ಕರೆಯದೆ ತಮ್ಮ ಸ್ಟೇಷನ್ನನ್ನು ಹಿಡಿದುಕೊಳ್ಳಬಲ್ಲರು. ವಯಸ್ಸಾದವರಿಗೆ ಆ ಸ್ವಾತಂತ್ರ್ಯ ದೊಡ್ಡದು.

ಮನೆಯೊಳಗಿನ ಸದ್ದುಗಳ ವಿಚಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ಮಧ್ಯಮ ತರಂಗದ ದೊಡ್ಡ ದೌರ್ಬಲ್ಯವೆಂದರೆ ವಿದ್ಯುತ್ ಉಪಕರಣಗಳ ಗೊರಗೊರ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು ಇವು ರೇಡಿಯೋದ ಪಕ್ಕದಲ್ಲಿದ್ದರೆ ಭದ್ರಾವತಿಯ ದನಿಯನ್ನೇ ನುಂಗಿಬಿಡುತ್ತವೆ. ಚಾರ್ಜಿಗೆ ಹಾಕಿಕೊಂಡೇ ಕೇಳಿದರೆ ಇನ್ನೂ ಕಷ್ಟ. ತೋಟಕ್ಕೆ ಕಾಡುಪ್ರಾಣಿ ಬಾರದಂತೆ ಸೋಲಾರ್ ಬೇಲಿ ಹಾಕಿಸಿದ್ದರೆ, ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ‘ಟಕ್, ಟಕ್’ ಎಂಬ ಸದ್ದು ರೇಡಿಯೋದಲ್ಲಿ ಕೇಳಿಸುತ್ತದೆ. ಅದು ರೇಡಿಯೋದ ದೋಷವಲ್ಲ, ಬೇಲಿಗೆ ಬಿಡುವ ಮಿಡಿತ. ಬಳ್ಳಿಯೋ ಹಸಿ ಹುಲ್ಲೋ ತಂತಿಗೆ ತಾಗಿ ಕಿಡಿ ಹಾರುತ್ತಿದ್ದರೆ ಆ ಸದ್ದು ಮತ್ತೂ ಜೋರಾಗುತ್ತದೆ, ಬೇಲಿಯ ಬುಡ ಸವರಿದರೆ ಇಳಿಯುತ್ತದೆ. ರೇಡಿಯೋವನ್ನು ಮನೆಯ ವೈರಿಂಗಿನಿಂದ ನಾಲ್ಕಾರು ಅಡಿ ದೂರ, ಕಿಟಕಿಯ ಬಳಿಯೋ ಜಗಲಿಯಲ್ಲೋ ಇಡಿ. ತಗಡಿನ ಮಾಡಿನ ಒಳಗೆ ಕೂತರೆ ದನಿ ಕುಗ್ಗುತ್ತದೆ, ಹಂಚಿನ ಮಾಡಿನ ಕೆಳಗೆ ಅಷ್ಟು ತೊಂದರೆಯಿಲ್ಲ. ಸಂಜೆಯ ನಂತರ ಮಧ್ಯಮ ತರಂಗದಲ್ಲಿ ದೂರದೂರದ ಸ್ಟೇಷನ್ನುಗಳು ಬಂದು ಬೆರೆಯುವುದೂ ಸಹಜ. ಹಗಲಿನಲ್ಲಿ ಈ ಅಲೆಗಳನ್ನು ಹೀರಿಕೊಳ್ಳುವ ಆಕಾಶದ ಕೆಳಪದರವು ಸೂರ್ಯ ಮುಳುಗಿದ ಮೇಲೆ ಕರಗುವುದರಿಂದ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಹಿಂತಿರುಗುತ್ತವೆ. ಧಾರವಾಡ, ಬೆಂಗಳೂರಿನ 200 ಕಿಲೋವ್ಯಾಟ್ ಪ್ರಸಾರಗಳು ರಾತ್ರಿ ನಮ್ಮ ಕಡೆ ಏರಿ ಬರುವುದು, ಇಳಿದು ಹೋಗುವುದು ಇದರಿಂದಲೇ.

ಈಗ ಹಾಡಿನ ಭಾಗಕ್ಕೆ ಬರೋಣ. ಇಲ್ಲಿ ನಿಮ್ಮ ಅಗತ್ಯ ಸಾಮಾನ್ಯರದ್ದಕ್ಕಿಂತ ಬೇರೆ. ಸಿನಿಮಾ ಹಾಡು ಐದು ನಿಮಿಷದ್ದು. ತಾಳಮದ್ದಲೆ ಮೂರು ನಾಲ್ಕು ಗಂಟೆಯದ್ದು, ಇಡೀ ರಾತ್ರಿಯ ಯಕ್ಷಗಾನ ಎಂಟು ಗಂಟೆಯದ್ದು. ಅಡಿಕೆ ಸುಲಿಯುವ ಹೊತ್ತಿನಲ್ಲಿ ಒಂದೂವರೆ ಗಂಟೆ ಕೇಳಿ ನಿಲ್ಲಿಸಿದ ಪ್ರಸಂಗವನ್ನು ಮರುದಿನ ಅಲ್ಲಿಂದಲೇ ಮುಂದುವರಿಸಲು ಆಗದಿದ್ದರೆ, ಪ್ರತಿ ದಿನವೂ ಗಣಪತಿ ಸ್ತುತಿಯಿಂದಲೇ ಆರಂಭವಾಗುತ್ತದೆ. ನಿಲ್ಲಿಸಿದ ಜಾಗವನ್ನು ನೆನಪಿಟ್ಟುಕೊಳ್ಳುವ ಗುಣ ಎಲ್ಲ ಪೆಟ್ಟಿಗೆಗಳಲ್ಲೂ ಇಲ್ಲ. ಕೆಲವು ಹಾಡಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತವೆ, ನಿಮಿಷವನ್ನಲ್ಲ. ಕೆಲವು ರೇಡಿಯೋಗೆ ಹೋಗಿ ಬಂದರೆ ಎಲ್ಲವನ್ನೂ ಮರೆಯುತ್ತವೆ. ಅಂಗಡಿಗೆ ಹೋಗುವಾಗ ಅಣ್ಣ ಇಳಿಸಿದ ಒಂದು ಉದ್ದದ ಪ್ರಸಂಗವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅರ್ಧ ಗಂಟೆ ಮುಂದಕ್ಕೆ ಓಡಿಸಿ, ರೇಡಿಯೋ ಹಾಕಿ, ಪೂರ್ತಿ ಆರಿಸಿ, ಮತ್ತೆ ಹಚ್ಚಿ ನೋಡಿ. ಅರ್ಧ ಗಂಟೆ ಮುಂದಕ್ಕೆ ಓಡಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದೂ ಅಲ್ಲೇ ತಿಳಿಯುತ್ತದೆ. ಈ ಗುಣವಿಲ್ಲದ ಪೆಟ್ಟಿಗೆಯನ್ನೇ ಕೊಳ್ಳಬೇಕಾಗಿ ಬಂದರೆ, ಅಣ್ಣನಿಗೆ ಹೇಳಿ ಪ್ರಸಂಗಗಳನ್ನು ಹದಿನೈದು ನಿಮಿಷದ ತುಂಡುಗಳಾಗಿ ಕತ್ತರಿಸಿಕೊಡಲು ಹೇಳಿ. ಅದು ಸಂಪೂರ್ಣ ಪರಿಹಾರವಲ್ಲ, ಆದರೆ ಕೇಳುವವರ ತಾಳ್ಮೆ ಉಳಿಯುತ್ತದೆ.

ಕಡತಗಳು ಎಂಪಿ3 ರೂಪದಲ್ಲಿರಲಿ. ಕ್ಯಾಸೆಟ್ಟಿನಿಂದ ಇಳಿಸಿದ ಮಾತು, ಭಾಗವತಿಕೆಗಳಿಗೆ 128 ಕೆಬಿಪಿಎಸ್ ಧಾರಾಳವಾಯಿತು. ಆ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ ಆಗುತ್ತದೆ, ಇಡೀ ರಾತ್ರಿಯ ಆಟ 460 ಎಂಬಿಯಲ್ಲಿ ಮುಗಿಯುತ್ತದೆ. 32 ಜಿಬಿಯ ಒಂದು ಕಾರ್ಡಿನಲ್ಲಿ 550 ಗಂಟೆಗಳಷ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಗಂಟೆಯಂತೆ ಕೇಳಿದರೆ ಒಂಬತ್ತು ತಿಂಗಳಿಗೆ ಸಾಕು. ಆದ್ದರಿಂದ 64, 128 ಜಿಬಿಯ ಕಾರ್ಡಿಗೆ ದುಡ್ಡು ಹಾಕಬೇಡಿ. ಅಗ್ಗದ ಪೆಟ್ಟಿಗೆಗಳು 32 ಜಿಬಿಗಿಂತ ಹೆಚ್ಚಿನ ಕಾರ್ಡುಗಳನ್ನು ಬಹಳಷ್ಟು ಸಲ ಓದುವುದೇ ಇಲ್ಲ, ಏಕೆಂದರೆ 32 ಜಿಬಿವರೆಗಿನ ಕಾರ್ಡುಗಳು ಎಫ್‌ಎಟಿ32 ಎಂಬ ಹಳೆಯ ಕ್ರಮದಲ್ಲಿ ಬರುತ್ತವೆ, ಅದಕ್ಕೂ ದೊಡ್ಡವು ಬೇರೊಂದು ಕ್ರಮದಲ್ಲಿ. ಸಂತೆಯಲ್ಲಿ ಅರ್ಧ ಬೆಲೆಗೆ ಸಿಗುವ ಕಾರ್ಡುಗಳಲ್ಲಿ ಬರೆದಷ್ಟು ಜಾಗ ಇರುವುದಿಲ್ಲ. ಕಾರ್ಡನ್ನು ಪೂರ್ತಿ ತುಂಬಿಸಿ, ಕೊನೆಯ ಕಡತ ಸರಿಯಾಗಿ ಹಾಡುತ್ತದೆಯೇ ಎಂದು ನೋಡಿದರೆ ಮೋಸ ಬಯಲಾಗುತ್ತದೆ.

ಕಡತಗಳ ಹೆಸರಿನ ಬಗ್ಗೆಯೂ ಒಂದು ಮಾತಿದೆ. ಕಡಿಮೆ ಬೆಲೆಯ ಪೆಟ್ಟಿಗೆಗಳ ಪರದೆಯಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಚೌಕಗಳು ಕಾಣುತ್ತವೆ; ಹಲವಕ್ಕೆ ಪರದೆಯೇ ಇರುವುದಿಲ್ಲ. ಅಲ್ಲದೆ ಅವು ಅಕ್ಷರಮಾಲೆಯ ಕ್ರಮವನ್ನು ಬಿಟ್ಟು, ಕಾರ್ಡಿಗೆ ಯಾವುದನ್ನು ಮೊದಲು ತುಂಬಿದಿರೋ ಆ ಕ್ರಮದಲ್ಲೇ ನುಡಿಸುತ್ತವೆ. ಆದ್ದರಿಂದ ಖಾಲಿ ಕಾರ್ಡಿಗೆ 01, 02 ಎಂದು ಸಂಖ್ಯೆ ಹಾಕಿದ ಕಡತಗಳನ್ನು ಒಂದರ ನಂತರ ಒಂದರಂತೆ ತುಂಬಿಸಿ, ಆ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಇನ್ನೂ ಒಳ್ಳೆಯದೆಂದರೆ ತಾಳಮದ್ದಲೆಗೆ ಒಂದು ಪೆನ್‌ಡ್ರೈವ್, ಗಮಕಕ್ಕೆ ಇನ್ನೊಂದು, ದೇವರ ನಾಮಕ್ಕೆ ಮತ್ತೊಂದು ಇಟ್ಟು, ಬೇರೆ ಬೇರೆ ಬಣ್ಣದ ದಾರ ಕಟ್ಟುವುದು. ಕ್ಯಾಸೆಟ್ ಬದಲಾಯಿಸಿ ಅಭ್ಯಾಸವಿದ್ದವರಿಗೆ ಇದು ತಕ್ಷಣ ಒಗ್ಗುತ್ತದೆ. ಸಣ್ಣ ಮೆಮೊರಿ ಕಾರ್ಡು ವಯಸ್ಸಾದವರ ಕೈಯಿಂದ ಜಾರಿ ಬಿದ್ದರೆ ಸಿಗುವುದಿಲ್ಲ, ಪೆನ್‌ಡ್ರೈವೇ ಲೇಸು.

ಸ್ಪೀಕರಿನ ಬಗ್ಗೆ ಡಬ್ಬಿಯ ಮೇಲೆ ಬರೆದ ವ್ಯಾಟುಗಳನ್ನು ನಂಬಬೇಡಿ; ‘ಪಿಎಂಪಿಒ’ ಎಂಬ ಲೆಕ್ಕದಲ್ಲಿ ಬರೆದ ನೂರು, ಸಾವಿರದ ಅಂಕಿಗಳಿಗೆ ಅರ್ಥವೇ ಇಲ್ಲ. ‘ಆರ್‌ಎಂಎಸ್’ ಎಂದು ಬರೆದ 3 ಅಥವಾ 5 ವ್ಯಾಟ್ ಒಂದು ಮನೆಗೆ ಬೇಕಾದಷ್ಟಾಯಿತು. ಮುಖ್ಯವಾದದ್ದು ಮಾತು ಬಿಡಿಬಿಡಿಯಾಗಿ ಕೇಳಿಸುವುದು. ಈಗಿನ ಬ್ಲೂಟೂತ್ ಪೆಟ್ಟಿಗೆಗಳನ್ನು ‘ಧಂ ಧಂ’ ಎಂಬ ತಳದ ಸದ್ದಿಗೆಂದೇ ತಯಾರಿಸುತ್ತಾರೆ. ಅವುಗಳಲ್ಲಿ ತಾಳಮದ್ದಲೆಯ ಅರ್ಥಧಾರಿಯ ಮಾತು ಬಾವಿಯೊಳಗಿಂದ ಬಂದಂತಿರುತ್ತದೆ. ನಿಮ್ಮ ಮನೆಯಲ್ಲಿ ಗಮಕ, ಅಂದರೆ ರಾಗವಾಗಿ ಮಾಡುವ ಕಾವ್ಯವಾಚನ, ಕೇಳುವವರಿದ್ದಾರೆ ಎಂದು ತಿಳಿದು ಸಂತೋಷವಾಯಿತು. ತುಂಗೆಯ ದಡದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಗಮಕವೆಂದರೇನು ಎಂದು ಹಲವರು ಹೊಸದಾಗಿ ಕೇಳಿ ತಿಳಿದರು. ನಮ್ಮ ಜಿಲ್ಲೆಯ ಎಷ್ಟೋ ಜಗಲಿಗಳಲ್ಲಿ ಅದು ಮೊದಲಿನಿಂದಲೂ ಇತ್ತು. ಗಮಕದಲ್ಲಿ ಪಕ್ಕವಾದ್ಯದ ಆಸರೆಯಿಲ್ಲದೆ ಪದ ಒಡೆಯುವ ರೀತಿಯೇ ರುಚಿಯಾದ್ದರಿಂದ, ಮೂರು ಇಂಚಿನಷ್ಟು ಅಗಲದ ಸಾಮಾನ್ಯ ಕಾಗದದ ಕೋನ್ ಇರುವ ಸ್ಪೀಕರ್ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಅಂಗಡಿಯಲ್ಲಿ ಅವರು ಹಾಕುವ ಹಾಡನ್ನು ಬಿಟ್ಟು ನಿಮ್ಮ ಪೆನ್‌ಡ್ರೈವಿನ ಗಮಕವನ್ನೇ ಹಾಕಿಸಿ ಕೇಳಿ. ಆಷಾಢದ ಮಳೆ ಮಾಡಿನ ಮೇಲೆ ಹೊಡೆಯುವಾಗ ಎಷ್ಟು ಜೋರು ಬೇಕಾಗುತ್ತದೆ ಎಂಬುದು ನಿಮಗೇ ಗೊತ್ತು; ಪೂರ್ತಿ ದನಿಗೆ ಏರಿಸಿದಾಗಲೂ ಮಾತು ಒಡೆಯಬಾರದು.

ಬ್ಯಾಟರಿಯ ವಿಷಯದಲ್ಲಿ ಎರಡು ದಾರಿಗಳಿವೆ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದೆ ಇರುವ ಮನೆಗೆ ಚಾರ್ಜ್ ಆಗುವ ಬ್ಯಾಟರಿಯೊಂದನ್ನೇ ನಂಬಿದ ಪೆಟ್ಟಿಗೆ ಸಾಲದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ಲನ್ನೂ ಹಾಕಲು ಬರುವಂಥದ್ದು ಸಿಕ್ಕರೆ ಅದಕ್ಕೆ ನನ್ನ ಮೊದಲ ಮತ. ಅಂಥದ್ದು ಸಿಗದಿದ್ದರೆ, ಕೈಯಿಂದ ತೆಗೆದು ಹಾಕಬಹುದಾದ ಬ್ಯಾಟರಿ ಇರಲಿ. ಹಳೆಯ ನೋಕಿಯಾ ಮೊಬೈಲುಗಳ ಬಿಎಲ್-5ಸಿ ಬ್ಯಾಟರಿಯನ್ನೇ ಬಳಸುವ ಪೆಟ್ಟಿಗೆಗಳು ಹಲವಿವೆ. ಅದು ಪೇಟೆಯ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತದೆ, ಎರಡಿಟ್ಟುಕೊಂಡರೆ ಒಂದು ಮುಗಿದಾಗ ಇನ್ನೊಂದು. 1000 ಎಂಎಎಚ್ ಬ್ಯಾಟರಿಯಲ್ಲಿ, 100 ಮಿಲಿಆಂಪಿಯರ್ ಎಳೆಯುವ ಪೆಟ್ಟಿಗೆ ಹತ್ತು ಗಂಟೆ ಹಾಡುತ್ತದೆ. ದನಿ ಏರಿಸಿದರೆ ಈ ಅವಧಿ ಅರ್ಧಕ್ಕಿಳಿಯಬಹುದು. ಬಣ್ಣಬಣ್ಣದ ದೀಪ ಮಿನುಗುವ ಪೆಟ್ಟಿಗೆಗಳು ವ್ಯರ್ಥವಾಗಿ ಚಾರ್ಜ್ ತಿನ್ನುತ್ತವೆ, ದೀಪ ಆರಿಸಲು ಬರುತ್ತದೆಯೇ ನೋಡಿ.

ಇನ್ನು, ಹಾಡುಗಳನ್ನು ಮೊದಲೇ ತುಂಬಿ ಮಾರುವ ಪೆಟ್ಟಿಗೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ತೋರಿಸದೆ ಬಿಡುವುದಿಲ್ಲ. ಸಾರೆಗಾಮಾ ಸಂಸ್ಥೆಯ ಕಾರವಾನ್ 2017ರಲ್ಲಿ ಹಿಂದಿಯ 5000 ಹಾಡುಗಳೊಂದಿಗೆ ಬಂದು ಮನೆಮಾತಾಯಿತು. ವಯಸ್ಸಾದವರ ಕೈಗೆ ಒಗ್ಗುವ ದೊಡ್ಡ ಗುಂಡಿಯ ವಿನ್ಯಾಸ ಅದರಲ್ಲಿ ನಿಜವಾಗಿಯೂ ಚೆನ್ನಾಗಿದೆ. ಆದರೆ ಅದರ ಬೇರೆ ಬೇರೆ ಮಾದರಿಗಳಲ್ಲಿ ರೇಡಿಯೋ ವ್ಯವಸ್ಥೆ ಒಂದೇ ತೆರನಾಗಿಲ್ಲವಾದ್ದರಿಂದ, ಮಧ್ಯಮ ತರಂಗ ಇದೆಯೆಂದು ಖಚಿತಪಡಿಸಿಕೊಳ್ಳದೆ ಕೊಳ್ಳಬೇಡಿ. ಕೇಳಬೇಕಾದದ್ದು ನಿಮ್ಮ ಅಣ್ಣನ ಬಳಿ ಈಗಾಗಲೇ ಇರುವಾಗ, ಬೇರೆಯವರು ಆರಿಸಿದ ಹಾಡುಗಳಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ನಿಮ್ಮ ಜೇಬಿನ ಸಾಧನದ ಬಗ್ಗೆ ಹೇಳುವುದು ಕಡಿಮೆ. ಆಪಲ್ ಸಂಸ್ಥೆ 2009ರಲ್ಲಿ ತನ್ನ ಐಪಾಡ್ ನ್ಯಾನೋಗೆ ಎಫ್‌ಎಂ ಸೇರಿಸಿತ್ತು, 2022ರಲ್ಲಿ ಐಪಾಡ್‌ಗಳ ಕಥೆಯೇ ಮುಗಿಯಿತು. ಹಳೆಯದನ್ನು ಯಾರಾದರೂ ಮಾರಲು ಬಂದರೆ, ಅದರೊಳಗಿನ ಬ್ಯಾಟರಿ ಉಬ್ಬಿರಬಹುದು, ಬೇಡ. ಈಗ ಸಿಗುವ ಚಿಕ್ಕ ಎಂಪಿ3 ಸಾಧನಗಳಲ್ಲಿ ಎಫ್‌ಎಂ ಮಾತ್ರ ಇರುತ್ತದೆ, ಇಯರ್‌ಫೋನಿನ ತಂತಿಯೇ ಅವಕ್ಕೆ ಏರಿಯಲ್. ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಎಫ್‌ಎಂ ಬಾರದಿರುವುದು ಅದಕ್ಕೇ. ತಂತಿಯನ್ನು ಸುರುಳಿ ಸುತ್ತದೆ ಪೂರ್ತಿ ಬಿಡಿಸಿ ಹಾಕಿಕೊಳ್ಳಿ. ನೀವು ಗುಡ್ಡ ಹತ್ತಿ ನಡೆಯುವವರಾದರೆ ಮೇಲೆ ಹೋದಾಗ 103.5 ಸ್ಪಷ್ಟವಾಗಿ ಬರುವ ಸಾಧ್ಯತೆ ಹೆಚ್ಚು, ಕೆಳಗಿಳಿದಾಗ ಹಾಡಿಗೆ ಬದಲಿಸಿಕೊಳ್ಳಬಹುದು. ಹೊಸದನ್ನು ಕೊಳ್ಳುವ ಮೊದಲು ನಿಮ್ಮ ಮೊಬೈಲಿನಲ್ಲೇ ಎಫ್‌ಎಂ ಇದೆಯೇ ನೋಡಿ. ಫೋನುಗಳಲ್ಲಿ ಅದನ್ನು ಉಳಿಸಿಕೊಳ್ಳುವಂತೆ ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ನೀಡಿದೆ. ಇಂಟರ್ನೆಟ್ ಮೂಲಕ ಆಕಾಶವಾಣಿ ಕೇಳುವ ಆ್ಯಪ್‌ಗೂ ಇದಕ್ಕೂ ಸಂಬಂಧವಿಲ್ಲ, ಫೋನಿನ ಎಫ್‌ಎಂಗೆ ಸಿಗ್ನಲ್ಲೂ ಬೇಡ, ಡೇಟಾವೂ ಬೇಡ.

ಒಟ್ಟಿನಲ್ಲಿ ನಿಮ್ಮ ತಂದೆಯವರಿಗೆ ನಾನು ಹೇಳುವುದು ಇದು: ಎರಡೂ ಅಂಗೈ ಸೇರಿಸಿದಷ್ಟು ಅಗಲದ, ಎಎಂ ಮತ್ತು ಎಫ್‌ಎಂ ಎರಡೂ ಇರುವ, ಉದ್ದದ ಕಡ್ಡಿ ಏರಿಯಲ್ಲಿನ, ಮುಳ್ಳು ಸರಿಸುವ ಗುಂಡಿಯ, ಯುಎಸ್‌ಬಿ ಕಿಂಡಿಯಿರುವ, ಸೆಲ್ ಹಾಕಲೂ ಬರುವ ರೇಡಿಯೋ. ಇಂಥವು ನೀವು ಹೇಳಿದ ಮೊತ್ತದೊಳಗೇ ಸಿಗುತ್ತವೆ. ಎಲ್ಲ ಗುಣಗಳೂ ಒಂದರಲ್ಲೇ ಸಿಗದೆ, ಒಳ್ಳೆಯ ರೇಡಿಯೋದಲ್ಲಿ ಹಾಡಿನ ಭಾಗ ಕೆಟ್ಟದಾಗಿದ್ದರೆ, ಹಣವನ್ನು ಎರಡಾಗಿ ಹಂಚಿ: ಸಾದಾ ರೇಡಿಯೋ ಒಂದು, ಪ್ರಸಂಗ ಕೇಳಲು ಅಗ್ಗದ ಪೆಟ್ಟಿಗೆ ಇನ್ನೊಂದು. ಹಾಗೆ ಮಾಡಿದರೆ ಒಂದು ಕೆಟ್ಟರೂ ಮನೆ ಮೌನವಾಗುವುದಿಲ್ಲ. ಮನೆಗೆ ತಂದು ಪರೀಕ್ಷಿಸಿ ಬಾರದಿದ್ದರೆ ಹಿಂತಿರುಗಿಸಬಹುದೇ ಎಂದು ಅಂಗಡಿಯವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ನಮ್ಮ ಹವೆಯಲ್ಲಿ ರೇಡಿಯೋಗಳು ಸಾಯುವುದು ಹೆಚ್ಚಾಗಿ ತೇವದಿಂದ. ಹಳೆಯ ಸೆಟ್ಟು ಮಳೆಗಾಲದಲ್ಲಿ ಕೆಟ್ಟಿತೆಂದು ಬರೆದಿದ್ದೀರಿ. ಸೆಲ್ಲು ಸೋರಿ ತಗಡು ಹಸಿರುಗಟ್ಟಿದೆಯೇ, ದನಿಯ ಗುಂಡಿಯೊಳಗೆ ಬೂಸಲು ಹಿಡಿದಿದೆಯೇ ಎಂದು ಒಮ್ಮೆ ಬಿಚ್ಚಿ ನೋಡಿಸಿ. ಇವೆರಡೇ ಕಾರಣವಾಗಿದ್ದರೆ ಅದು ಇನ್ನೂ ಬದುಕಬಲ್ಲದು, ಮತ್ತು ಅದರೊಳಗಿನ ಉದ್ದದ ಫೆರೈಟ್ ಕಡ್ಡಿ ಹೊಸ ಪೆಟ್ಟಿಗೆಗಳಲ್ಲಿ ಸಿಗುವಂಥದ್ದಲ್ಲ. ಹೊಸದನ್ನು ಬೇಸಗೆಯಲ್ಲೇ ಕೊಂಡರೂ, ಜೂನ್ ಬರುವಷ್ಟರಲ್ಲಿ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಅದಕ್ಕೆಂದೇ ತೆಗೆದಿಟ್ಟು, ಕೇಳದ ಹೊತ್ತಿನಲ್ಲಿ ನೀರು ಹೀರುವ ಸಿಲಿಕಾ ಪೊಟ್ಟಣಗಳ ಜೊತೆ ಅದರಲ್ಲಿಡಿ. ವಾರಗಟ್ಟಲೆ ಬಳಸುವುದಿಲ್ಲವಾದರೆ ಸೆಲ್ಲು ತೆಗೆದಿಡಿ. ಅಟ್ಟದ ಹೊಗೆಯಲ್ಲಿ ಮಾತ್ರ ಇಡಬೇಡಿ. ದನಿ ಸಾಲದೆ ಹೊರಗೆ ತಂತಿ ಎಳೆಯುವ ಯೋಚನೆ ಬಂದರೆ ಅಡಿಕೆ ಮರಕ್ಕೆ ಕಟ್ಟುವ ಮೊದಲು ನನಗೊಮ್ಮೆ ಬರೆಯಿರಿ. ಮಳೆಗಾಲದ ಮೊದಲಿನ ಗುಡುಗು ಸಿಡಿಲಿನ ದಿನಗಳಲ್ಲಿ ಆ ತಂತಿ ಅಪಾಯಕಾರಿ, ಅದನ್ನು ಕಟ್ಟುವ ಕ್ರಮವೂ ಮೋಡ ಕಟ್ಟಿದಾಗ ಬಿಚ್ಚಿಡುವ ಕ್ರಮವೂ ಬೇರೆಯೇ ಇದೆ. ಬರೆಯುವಾಗ ನಿಮ್ಮ ಜಗಲಿಯಲ್ಲಿ 675 ಮತ್ತು 103.5 ಯಾವ ಯಾವ ಹೊತ್ತಿನಲ್ಲಿ ಹೇಗೆ ಕೇಳಿಸಿದವು ಎಂಬುದನ್ನೂ ತಿಳಿಸಿದರೆ, ತಂತಿ ಎಷ್ಟುದ್ದ, ಯಾವ ದಿಕ್ಕಿಗೆ ಎಂದು ಹೇಳಲು ನನಗೆ ಅನುಕೂಲವಾಗುತ್ತದೆ.